ಎತ್ತರಿಸಿದ ಗಾಡಿಗೆ ಎಂಥ ಶಾಕಬ್ಸರ್?

ಸಕಲೇಶಪುರದ ಕಡೆಯ ಪಿಯುಸಿ ವಿದ್ಯಾರ್ಥಿಯೊಬ್ಬನ ಪತ್ರ ಬಂದಿದೆ. ಅವರ ಮನೆಯಲ್ಲಿ ಹಳೆಯದೊಂದು ಫೋರ್ ವೀಲ್ ಪಿಕಪ್ ಇದೆ. ಕಾಫಿ ಮೂಟೆ ಪೇಟೆಗೆ ಹೋಗುವುದು ಅದರಲ್ಲೇ, ಅವನೂ ತಂಗಿಯೂ ಬೆಳಿಗ್ಗೆ ಬಸ್ ಸ್ಟಾಪಿಗೆ ಬರುವುದೂ ಅದರಲ್ಲೇ. ಮಳೆಗಾಲದ ಕೊರಕಲಿನಲ್ಲಿ ತಳ ಬಡಿಯುತ್ತದೆಂದು ಅಪ್ಪ ಹೋದ ವರ್ಷ ಪ್ಲೇಟು ಬದಲಿಸಿ ಗಾಡಿಯನ್ನು ಎರಡು ಇಂಚು ಎತ್ತರಿಸಿದರಂತೆ. ಅಂದಿನಿಂದ ತಿರುವಿನಲ್ಲಿ ತೊಟ್ಟಿಲಿನಂತೆ ತೂಗುತ್ತದೆ. ಹಿಂದಿನ ಶಾಕಬ್ಸರ್ ಒಂದು ಕಿತ್ತೇ ಬಂದಿದೆ. ಇರುವುದರಲ್ಲಿ ಉದ್ದನೆಯದನ್ನು, ದುಬಾರಿಯದನ್ನು ಹಾಕಿ ಎಂಬುದು ಅಂಗಡಿಯವರ ಸಲಹೆ. "ಫಿಸಿಕ್ಸ್ ಓದುತ್ತೀಯಲ್ಲ, ನೀನೇ ಹೇಳು" ಎಂದಿದ್ದಾರಂತೆ ಅಪ್ಪ.

ಗಾಡಿಯ ಭಾರ ಹೊರುವುದು ಶಾಕಬ್ಸರ್ ಅಲ್ಲ, ಸ್ಪ್ರಿಂಗು. ಗುಂಡಿಗೆ ಬಿದ್ದಾಗ ಸ್ಪ್ರಿಂಗು ಶಕ್ತಿಯನ್ನು ಹೀರಿ ಮತ್ತೆ ಹೊರಕ್ಕೆ ಎಸೆಯುತ್ತದೆ. ತಡೆಯುವವರಿಲ್ಲದಿದ್ದರೆ ಗಾಡಿ ಕುಣಿಯುತ್ತಲೇ ಇರುತ್ತದೆ. ಶಾಕಬ್ಸರ್ ಒಳಗಿನ ಪಿಸ್ಟನ್ನು ಎಣ್ಣೆಯನ್ನು ಸಣ್ಣ ರಂಧ್ರಗಳಲ್ಲಿ ತಳ್ಳಿ ಆ ಶಕ್ತಿಯನ್ನು ಶಾಖವಾಗಿಸುತ್ತದೆ. ಪಠ್ಯಪುಸ್ತಕ ಇದನ್ನೇ ಅವಮಂದನ ಎನ್ನುತ್ತದೆ. ಏರುಪೇರಿನ ರಸ್ತೆಯಲ್ಲಿ ಓಡಿ ಬಂದ ಗಾಡಿಯ ಶಾಕಬ್ಸರ್ ಮುಟ್ಟಿ ನೋಡಿ, ಬಿಸಿಯಾಗಿರುತ್ತದೆ. (ಕೈ ಸುಟ್ಟುಕೊಳ್ಳಬೇಡಿ!)

ಹಾಗಿದ್ದರೆ ಅದು ಕಿತ್ತು ಬಂದದ್ದೇಕೆ? ಒಂದು ಲೆಕ್ಕ ಹಾಕೋಣ. ನೆಟ್ಟಗೆ ನಿಂತ ಶಾಕಬ್ಸರ್ ಒಂದು ಪೂರ್ತಿ ಚಾಚಿದಾಗ 22 ಇಂಚು, ಪೂರ್ತಿ ಮಡಚಿದಾಗ 14 ಇಂಚು ಎನ್ನಿ. ಗಾಡಿ ಸುಮ್ಮನೆ ನಿಂತಾಗ 18ರಲ್ಲಿದ್ದರೆ ಚಕ್ರಕ್ಕೆ ಮೇಲೆ ನಾಲ್ಕು, ಕೆಳಗೆ ನಾಲ್ಕು ಇಂಚು ಅವಕಾಶ. ಗಾಡಿಯನ್ನು ಎರಡು ಇಂಚು ಎತ್ತರಿಸಿದರೆ ಅದೇ ಶಾಕಬ್ಸರ್ 20ರಲ್ಲಿ ನಿಲ್ಲುತ್ತದೆ, ಕೆಳಗೆ ಉಳಿಯುವುದು ಎರಡೇ ಇಂಚು. ಚಕ್ರ ಕೊರಕಲಿಗೆ ಇಳಿದಾಗ ಶಾಕಬ್ಸರ್ ಹಗ್ಗದಂತೆ ಬಿಗಿದು, ಆಕ್ಸಲ್ಲಿನ ಭಾರವೆಲ್ಲ ಅದಕ್ಕೆ ಜೋತುಬೀಳುತ್ತದೆ. ಬ್ರಾಕೆಟ್ಟು ಕಿತ್ತು ಬಂದರೆ ಆಶ್ಚರ್ಯವೇನು?

ಹಾಗೆಂದು ಅತಿ ಉದ್ದದ್ದೂ ಸಲ್ಲದು. ಮಡಚಿದಾಗಲೇ 17 ಇಂಚಿರುವ ಶಾಕಬ್ಸರ್ ಹಾಕಿದಿರಿ ಎನ್ನಿ. ಆಗ ಚಕ್ರ ಮೂರು ಇಂಚು ಮೇಲೆದ್ದರೆ ಮುಗಿಯಿತು. ಆಕ್ಸಲ್ಲು ನಾಲ್ಕೂವರೆ ಇಂಚು ಏರಿದ ಮೇಲೆ ತಾನೇ ರಬ್ಬರ್ ಸ್ಟಾಪರಿಗೆ ತಾಗುವುದು? ಅಷ್ಟರೊಳಗೆ ಪೆಟ್ಟೆಲ್ಲ ಶಾಕಬ್ಸರಿನ ಸರಳಿಗೇ ಬಿದ್ದಿರುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಟೇಪು ಹಿಡಿಯಬೇಕು. ಮೇಲಿನ ಬೋಲ್ಟಿನಿಂದ ಕೆಳಗಿನ ಬೋಲ್ಟಿಗೆ ಮೂರು ಅಳತೆ: ಗಾಡಿ ಸಮನೆಲದಲ್ಲಿ ನಿಂತಾಗ, ಆಕ್ಸಲ್ಲು ಸ್ಟಾಪರಿಗೆ ತಾಗಿದಾಗ, ಮತ್ತು ಹಳೆಯ ಶಾಕಬ್ಸರ್ ಬಿಚ್ಚಿ ಆಕ್ಸಲ್ಲನ್ನು ಇಳಿಬಿಟ್ಟಾಗ. ಹೊಸದು ಮಡಚಿದಾಗ ಎರಡನೆಯದಕ್ಕಿಂತ ಅರ್ಧ ಇಂಚಾದರೂ ಗಿಡ್ಡವಿರಬೇಕು, ಚಾಚಿದಾಗ ಮೂರನೆಯದಕ್ಕಿಂತ ತುಸು ಉದ್ದವಿರಬೇಕು. ಜಾಕಿನ ಮೇಲಷ್ಟೇ ನಿಂತ ಗಾಡಿಯ ಕೆಳಗೆ ಮಾತ್ರ ಯಾರೂ ತೂರಕೂಡದು, ಚಾಸಿಗೆ ಗಟ್ಟಿ ಸ್ಟ್ಯಾಂಡು ಕೊಟ್ಟಿರಬೇಕು.

"ಎರಡು ಇಂಚು ಎತ್ತರಿಸಿದ್ದೇವೆ, ಎರಡು ಇಂಚು ಉದ್ದದ್ದು ಕೊಡಿ" ಎಂದರೆ ಸಾಲದೇ? ಸಾಲದು. ಅನೇಕ ಗಾಡಿಗಳಲ್ಲಿ ಶಾಕಬ್ಸರ್ ಓರೆಯಾಗಿರುತ್ತದೆ. ನೆಟ್ಟಗಿನ ಗೆರೆಗೆ 30 ಡಿಗ್ರಿ ಓರೆಯಿದ್ದರೆ ಕಾಸ್ 30, ಅಂದರೆ 0.87. ಆಕ್ಸಲ್ಲು ನಾಲ್ಕು ಇಂಚು ಚಲಿಸಿದರೆ ಶಾಕಬ್ಸರ್ ಚಲಿಸುವುದು ಸುಮಾರು ಮೂರೂವರೆ. ಅದರ ಹಿಡಿತವಂತೂ ಈ ಸಂಖ್ಯೆಯ ವರ್ಗದಂತೆ ತಗ್ಗಿ ಮುಕ್ಕಾಲು ಪಾಲಿಗಿಳಿಯುತ್ತದೆ. ತ್ರಿಕೋನಮಿತಿ ಯಾತಕ್ಕೆ ಬೇಕು ಎನ್ನುವವರು ಒಮ್ಮೆ ಗಾಡಿಯ ಕೆಳಗೆ ಇಣುಕಬೇಕು.

ಇನ್ನು ದುಬಾರಿಯ ಮಾತು. ಒಂಟಿ ಕೊಳವೆಯ ಗ್ಯಾಸ್ ಶಾಕಬ್ಸರ್ ಬೇಗ ತಣಿಯುತ್ತದೆ. ಬಿಸಿಲಲ್ಲಿ ಗಂಟೆಗಟ್ಟಲೆ ಏರುಪೇರಿನ ರಸ್ತೆಯಲ್ಲಿ ವೇಗವಾಗಿ ಓಡಿಸುವವರಿಗೆ ಅದು ಸರಿ. ಆದರೆ ಕಲ್ಲು ಬಡಿದು ಕೊಳವೆ ನೆಗ್ಗಿದರೆ ಪಿಸ್ಟನ್ನು ಸಿಕ್ಕಿಕೊಳ್ಳುತ್ತದೆ. ಜೋಡಿ ಕೊಳವೆಯದರಲ್ಲಿ ಪೆಟ್ಟನ್ನು ಹೊರಗಿನ ಕೊಳವೆ ತಡೆದುಕೊಳ್ಳುತ್ತದೆ. ತೋಟದ ರಸ್ತೆಯಲ್ಲಿ ಮೊದಲ, ಎರಡನೆಯ ಗೇರಿನಲ್ಲಿ ಹೋಗುವ ಗಾಡಿಗೆ ಕಡಿಮೆ ಒತ್ತಡದ ಗ್ಯಾಸಿನ ಜೋಡಿ ಕೊಳವೆಯದೇ ಧಾರಾಳವಾಯಿತೆಂದು ನನ್ನ ಅಭಿಪ್ರಾಯ. ತೀರ ಬಿಗಿಯಾದದ್ದು ಹಾಕಿದರೆ ಖಾಲಿ ಪಿಕಪ್ಪಿನ ಹಿಂಬದಿ ಹಾರಿ ಹಾರಿ ಬೀಳುತ್ತದೆ. ಮೂಟೆಗೇನೂ ಆಗದು, ಮಕ್ಕಳಿಗೆ ಕಷ್ಟ.

ಈ ಹುಡುಗನ ಅಪ್ಪ ಇಂದೇ ನೋಡಬೇಕಾದದ್ದು ಬೇರೆ ಇದೆ. ಆಕ್ಸಲ್ಲು ಇಳಿಬಿಟ್ಟಾಗ ಬ್ರೇಕಿನ ರಬ್ಬರ್ ಹೋಸು ಬಿಗಿಯಾಗುತ್ತಿದೆಯೇ? ಉದ್ದನೆಯ ಶಾಕಬ್ಸರ್ ಚಕ್ರವನ್ನು ಇನ್ನಷ್ಟು ಕೆಳಗಿಳಿಯಬಿಡುವುದರಿಂದ ಅದು ಹರಿಯುವ ಅಪಾಯವಿದೆ, ಹರಿದರೆ ಘಾಟಿಯಲ್ಲಿ ಗತಿಯೇನು? ಕೆಲವು ಪಿಕಪ್ಪುಗಳಲ್ಲಿ ಭಾರಕ್ಕೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡ ಹೊಂದಿಸುವ ವಾಲ್ವು ಚಾಸಿಯಲ್ಲಿರುತ್ತದೆ, ಅದರ ಸರಳು ಆಕ್ಸಲ್ಲಿಗೆ ಸೇರಿರುತ್ತದೆ. ಗಾಡಿ ಎತ್ತರವಾದರೆ ಅದು ಹೊರೆಯೇ ಇಲ್ಲವೆಂದು ತಿಳಿದು ಹಿಂದಿನ ಬ್ರೇಕನ್ನು ಸಡಿಲಿಸುತ್ತದೆ. ಮೂಟೆ ತುಂಬಿರುವಾಗ ಹೀಗಾದರೆ ಕಷ್ಟ, ಆ ಸರಳನ್ನು ಮರುಹೊಂದಿಸಲೇಬೇಕು.

ಕಾನೂನನ್ನೂ ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ನಿರ್ಬಂಧಿಸುತ್ತದೆ. ಈಗಾಗಲೇ ಎತ್ತರಿಸಿಯಾಗಿದೆ, ಇನ್ನಾದರೂ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಒಂದೇ ಹಾಳಾಗಿದೆ, ಒಂದನ್ನೇ ಬದಲಿಸಿದರೆ ಸಾಕೇ ಎಂದೂ ಹುಡುಗ ಕೇಳಿದ್ದಾನೆ. ಬೇಡ, ಒಂದು ಆಕ್ಸಲ್ಲಿನ ಎರಡನ್ನೂ ಒಟ್ಟಿಗೆ ಬದಲಿಸಬೇಕು. ರಬ್ಬರ್ ಬುಷ್ಷಿನ ಬೋಲ್ಟುಗಳನ್ನು ಕೊನೆಯ ಸುತ್ತು ಬಿಗಿ ಮಾಡುವುದು ಗಾಡಿ ನಾಲ್ಕೂ ಚಕ್ರದ ಮೇಲೆ ನೆಲಕ್ಕಿಳಿದ ನಂತರ.