ಒಂಬತ್ತು ಮರಿಗಳ ಸೈನ್ಯ

ಆರ್ವೆಲ್‌ನ ‘ಅನಿಮಲ್ ಫಾರ್ಮ್’ (1945) ಮತ್ತೆ ಓದಿದೆ. ಈ ಸಲ ಕಣ್ಣು ಹೋಗಿದ್ದು ಸೈನ್ಯದ ಕಡೆಗೆ.

ಮೊದಲ ಯುದ್ಧದಲ್ಲಿ ಪ್ರತ್ಯೇಕ ಸೈನ್ಯ ಅಂತಾನೇ ಇಲ್ಲ. ಕುದುರೆ, ಕುರಿ, ಬಾತು ಎಲ್ಲಾ ಸೇರಿ ಹಳೇ ಯಜಮಾನನನ್ನ ಓಡಿಸ್ತವೆ. ಅದಕ್ಕೂ ಮೊದಲೇ ನೆಪೋಲಿಯನ್ ಅನ್ನೋ ಹಂದಿ, ಒಂಬತ್ತು ನಾಯಿಮರಿಗಳನ್ನ ಹಾಲು ಬಿಡಿಸಿದ ಕೂಡಲೇ ತಾಯಂದಿರಿಂದ ತಂದು ಅಟ್ಟದಲ್ಲಿ ಬೆಳೆಸ್ತಾನೆ, ‘ನಾನೇ ಕಲಿಸ್ತೀನಿ’ ಅಂತ. ಉಳಿದವರು ಮರೆತೇಬಿಡ್ತಾರೆ!

ದೊಡ್ಡವಾಗಿ ಹೊರಬಿದ್ದ ಆ ನಾಯಿಗಳು ಓಡಿಸೋದು ಯಾರನ್ನ? ಅದೇ ಯುದ್ಧ ಗೆಲ್ಲಿಸಿದ ಸ್ನೋಬಾಲ್‌ನನ್ನ. ಗಣರಾಜ್ಯ ಅಂತ ಘೋಷಣೆ ಆಗೋದು ಇದೆಲ್ಲಾ ಆದಮೇಲೆ. ಅಧ್ಯಕ್ಷಗಿರಿಗೆ ಅಭ್ಯರ್ಥಿ ಒಬ್ಬನೇ, ಬಿಡಿ.

ನನ್ನನ್ನು ಕಾಡಿದ್ದು ಮಾತ್ರ ದುಡಿಯೋ ಕುದುರೆ ಬಾಕ್ಸರ್. ಮೈಮೇಲೆ ಎಗರಿದ ನಾಯಿಯನ್ನ ಗೊರಸಿನಡಿ ಅದುಮಿ ಹಿಡಿದವನು, ತುಳಿಯಲಾ, ಬಿಡಲಾ ಅಂತ ನೆಪೋಲಿಯನ್ ಮುಖ ನೋಡ್ತಾನೆ. ಬಿಡು ಅಂದ. ಬಿಟ್ಟ.