ಡಬ್ಬದೊಳಗಿನ ಗಾಳಿಗೂ ಬಾಡಿಗೆ! ಇಟ್ಟಮಡು ವ್ಯಾಪಾರಿಗಳ ದುಡ್ಡು ಸೋರುವುದೆಲ್ಲಿ?

ಇಟ್ಟಮಡು: ಅರ್ಧ ಕೆಜಿ ಚಟ್ನಿಪುಡಿ ಕಳಿಸಿದರೆ ಎರಡು ಕೆಜಿಯ ಬಾಡಿಗೆ. ಇದೇನು ಹಗಲು ದರೋಡೆ ಅಂತ ಅಂಗಡಿಯವರು ಕೊರಿಯರ್ ಹುಡುಗನ ಮೇಲೆ ರೇಗುತ್ತಾರೆ. ಆ ಹುಡುಗ ಪಾಪ, "ಸಿಸ್ಟಮ್‌ನಲ್ಲಿ ಹಂಗೇ ಬರತ್ತೆ ಸಾರ್" ಅಂತ ಹೇಳಿ ಗಾಡಿ ಹತ್ತುತ್ತಾನೆ. ಯಾಕೆ ಹಂಗೆ ಬರತ್ತೆ ಅನ್ನೋದನ್ನು ಅವನಿಗೂ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇಟ್ಟಮಡು ಮುಖ್ಯರಸ್ತೆಯಿಂದ ಹಿಡಿದು ಕತ್ರಿಗುಪ್ಪೆ, ಹೊಸಕೆರೆಹಳ್ಳಿ, ಚಿಕ್ಕಲ್ಲಸಂದ್ರದವರೆಗೆ ಈಗ ಗಲ್ಲಾ ಮುಂದೆ ಕೂತು ಮಾರುವ ವ್ಯಾಪಾರ ಒಂದೇ ಅಲ್ಲ. 2020ರ ಲಾಕ್‌ಡೌನ್ ಕಲಿಸಿದ ಪಾಠ ಅದು. ಮನೆಯಲ್ಲೇ ಹಪ್ಪಳ, ಸಂಡಿಗೆ, ಹುಳಿಪುಡಿ ಮಾಡುವವರು, ನೈಟಿ, ಬ್ಲೌಸು ಹೊಲಿಯುವವರು, ಫ್ಯಾನ್ಸಿ ಸಾಮಾನಿನವರು ಫೋನಿನಲ್ಲಿ ಆರ್ಡರ್ ಹಿಡಿದು ಪಾರ್ಸೆಲ್ ಕಟ್ಟುತ್ತಾರೆ. ಮೆಣಸಿನಕಾಯಿ ಕೊಳ್ಳುವಾಗ ಕೆಜಿಗೆ ಎರಡು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವ ಇದೇ ಜನ ಡಬ್ಬದ ವಿಷಯಕ್ಕೆ ಬಂದರೆ ಮಾತ್ರ ಭಾರಿ ಧಾರಾಳಿಗಳು. ಕೈಗೆ ಸಿಕ್ಕಿದ ಡಬ್ಬಕ್ಕೆ ಮಾಲು ಹಾಕಿ, ಉಳಿದ ಜಾಗಕ್ಕೆ ಹಳೇ ಪೇಪರ್ ತುರುಕಿ, ಸುತ್ತಲೂ ಕಂದು ಟೇಪು ಹೊಡೆದರೆ ಆಯಿತು. ಸೋರಿಕೆ ಶುರುವಾಗುವುದೇ ಅಲ್ಲಿ.

ತಕ್ಕಡಿ ಅಲ್ಲ, ಅಳತೆ ಟೇಪು

ಕೊರಿಯರ್‌ನವರು ಒಂದೇ ಪಾರ್ಸೆಲನ್ನು ಎರಡು ರೀತಿ ತೂಗುತ್ತಾರೆ. ಒಂದು, ತಕ್ಕಡಿಯ ತೂಕ. ಇನ್ನೊಂದು, ಟೇಪಿನ ತೂಕ. ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಮೂರನ್ನೂ ಗುಣಿಸಿ, ಬಂದದ್ದನ್ನು 5,000ದಿಂದ ಭಾಗಿಸುತ್ತಾರೆ. ಸಿಕ್ಕ ಅಂಕಿಯೇ ಕೆಜಿ. ಬಿಲ್ಲಿನಲ್ಲಿ ವಾಲ್ಯುಮೆಟ್ರಿಕ್ ತೂಕ ಎಂದು ಬರೆದಿರುವುದು ಇದನ್ನೇ. ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. ಕೆಲವರು 5,000ದ ಬದಲು 4,500, 4,000 ಹಾಕುತ್ತಾರೆ. ಭಾಗಿಸುವ ಅಂಕಿ ಸಣ್ಣದಾದಷ್ಟೂ ಬಿಲ್ಲು ದೊಡ್ಡದು. ರೇಟು ಕಮ್ಮಿ ಅಂತ ಸೇರಿಕೊಳ್ಳುವವರು ಈ ಅಂಕಿ ಯಾವುದು ಅಂತ ಕೇಳುವುದೇ ಇಲ್ಲ.

ಲೆಕ್ಕ ಹಾಕಿ ನೋಡೋಣ. ಕಾಲು ಕೆಜಿಯ ಎರಡು ಚಟ್ನಿಪುಡಿ ಪ್ಯಾಕೆಟ್, ಡಬ್ಬ ಸೇರಿ 600 ಗ್ರಾಂ ಎನ್ನಿ. ಅದನ್ನು 30, 20, 15 ಸೆಂಟಿಮೀಟರಿನ ಡಬ್ಬದಲ್ಲಿ ಹಾಕಿದರೆ ಗುಣಿಸಿದಾಗ 9,000. ಭಾಗಿಸಿದರೆ 1.8 ಕೆಜಿ. ಅರ್ಧ ಅರ್ಧ ಕೆಜಿ ಲೆಕ್ಕದಲ್ಲಿ ದರ ಇರುವುದರಿಂದ ಅದು 2 ಕೆಜಿ ಆಗುತ್ತದೆ. ಅದೇ ಎರಡು ಪ್ಯಾಕೆಟ್ 22, 15, 10ರ ಡಬ್ಬದಲ್ಲಿ ಆರಾಮಾಗಿ ಕೂರುತ್ತವೆ. ಗುಣಿಸಿದರೆ 3,300, ಭಾಗಿಸಿದರೆ 0.66. ಬಿಲ್ಲು ಒಂದು ಕೆಜಿಗೆ. ಅರ್ಧ ಕೆಜಿಗೆ 40 ರೂಪಾಯಿ ಎಂದೇ ಇಟ್ಟುಕೊಳ್ಳಿ, ದೊಡ್ಡ ಡಬ್ಬಕ್ಕೆ 160, ಸಣ್ಣದಕ್ಕೆ 80. ದಿನಕ್ಕೆ ಹತ್ತು ಪಾರ್ಸೆಲ್ ಕಳಿಸುವವರಿಗೆ ದಿನಕ್ಕೆ 800, ತಿಂಗಳಿಗೆ 25 ದಿನ ಹಿಡಿದರೆ 20,000 ರೂಪಾಯಿ. ಅದರ ಮೇಲೆ ಶೇಕಡ 18 ಜಿಎಸ್‌ಟಿ ಬೇರೆ. ಇಟ್ಟಮಡುವಿನ ಎಷ್ಟೋ ಮಳಿಗೆಗಳ ಬಾಡಿಗೆಯೇ ಇದರ ಆಸುಪಾಸು ಇದ್ದೀತು!

ಇದು ಕೊರಿಯರ್‌ನವರ ಮೋಸವೇ? ಪೂರ್ತಿ ಅಲ್ಲ. ಗಾಡಿಯೊಂದು ತೂಕಕ್ಕೆ ಮೊದಲು ಜಾಗದಲ್ಲಿ ತುಂಬಿಹೋಗುತ್ತದೆ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಜಾಗದಲ್ಲಿ ಲೆಕ್ಕಕ್ಕೆ ದೊಡ್ಡ ಡಬ್ಬ 111 ಹಿಡಿದರೆ ಸಣ್ಣದು 303 ಹಿಡಿಯುತ್ತದೆ. ಅಂದರೆ ಎರಡು ಟ್ರಿಪ್ಪು ಡೀಸೆಲ್ ಉಳಿಯುವಷ್ಟು ವ್ಯತ್ಯಾಸ. ವಿಮಾನದಲ್ಲಿ ಸರಕು ಸಾಗಿಸುವವರು ಬಹಳ ಹಿಂದಿನಿಂದಲೂ ಹೀಗೇ ಅಳೆಯುತ್ತಿದ್ದರು. ಅಮೆರಿಕದಲ್ಲಿ ಯುಪಿಎಸ್ 2014ರ ಡಿಸೆಂಬರ್ ಕೊನೆಗೆ, ಫೆಡೆಕ್ಸ್ 2015ರ ಜನವರಿಯಲ್ಲಿ ರಸ್ತೆ ಮೇಲೆ ಹೋಗುವ ಸಣ್ಣ ಪಾರ್ಸೆಲಿಗೂ ಇದೇ ಟೇಪು ಹಿಡಿದವು. ಅಲ್ಲಿನ ದೊಡ್ಡ ಮಾರಾಟಗಾರರು ಎದ್ದುಬಿದ್ದು ಡಬ್ಬ ಕುಗ್ಗಿಸಿದ್ದು ಪರಿಸರದ ಮೇಲಿನ ಪ್ರೀತಿಗಲ್ಲ, ಈ ಬಿಲ್ಲಿನ ಹೆದರಿಕೆಗೆ. ನಾಗಸಂದ್ರದಲ್ಲಿ 2022ರಲ್ಲಿ ಅಂಗಡಿ ತೆರೆದ ಐಕಿಯಾದವರು ಮೇಜಿನ ಕಾಲು ಬಿಚ್ಚಿ ಚಪ್ಪಟೆ ಡಬ್ಬದಲ್ಲಿ ಮಾರಲು ಶುರು ಮಾಡಿದ್ದು 1956ರಲ್ಲೇ. ಮೇಜಿನ ಜತೆ ಗಾಳಿ ಸಾಗಿಸುವುದು ನಷ್ಟದ ಬಾಬತ್ತು ಅಂತ ಅವರಿಗೆ ಅಷ್ಟು ಹಿಂದೆಯೇ ಹೊಳೆದಿತ್ತು.

ಹಾಗಂತ ಈ ಬುದ್ಧಿ ಸ್ವೀಡನ್ನಿನಿಂದ ಬರಬೇಕಾಗಿರಲಿಲ್ಲ. ಮಾಲಿಗೆ ತಕ್ಕಷ್ಟೇ ಕಾಗದ ಹರಿದು ಪೊಟ್ಟಣ ಕಟ್ಟಿ ದಾರ ಸುತ್ತುತ್ತಿದ್ದ ದಿನಸಿ ಅಂಗಡಿಯವರಿಗೆ ಇದನ್ನು ಯಾರು ಕಲಿಸಿದ್ದರು? ನಂದಿನಿ ಹಾಲು ಬೆಳಗಿನ ಜಾವ ಬರುವುದು ಕ್ರೇಟಿನಲ್ಲಿ, ಖಾಲಿ ಕ್ರೇಟು ಅದೇ ಗಾಡಿಯಲ್ಲಿ ವಾಪಸ್. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಹರಾಜಾಗುವುದೇ 15 ಕೆಜಿ ಕ್ರೇಟಿನ ಲೆಕ್ಕದಲ್ಲಿ. ಗ್ಯಾಸ್ ಸಿಲಿಂಡರ್, ಸೋಡಾ ಬಾಟಲಿ ಎಲ್ಲಾ ಇದೇ ಜಾತಿ. ಕಟ್ಟುವ ಸಾಮಾನು ಮಾಲಿನ ಅಳತೆಗೆ ಸರಿಯಾಗಿದೆ, ತಿರುಗಿ ತಿರುಗಿ ಬಳಕೆಗೆ ಬರುತ್ತದೆ. ಕೊರಿಯರ್ ಡಬ್ಬ ಮಾತ್ರ ಒಂದೇ ಪ್ರಯಾಣಕ್ಕೆ ಹುಟ್ಟಿ ಅಲ್ಲೇ ಸಾಯುತ್ತದೆ.

ಒಂದೇ ಡಬ್ಬ ಎಲ್ಲದಕ್ಕೂ

ಹಾಗಾದರೆ ಡಬ್ಬ ಬದಲಾಯಿಸುವುದಕ್ಕೆ ಏನು ರೋಗ? ಅಂಗಡಿಯವರನ್ನು ಕೇಳಿದರೆ ಬರುವ ಉತ್ತರ, "ಇರೋದೇ ಆ ಸೈಜು". ಸುಲ್ತಾನ್‌ಪೇಟೆ, ಚಿಕ್ಕಪೇಟೆ ಕಡೆಯಿಂದ ಒಂದೇ ಅಳತೆಯ ಬಂಡಲ್ ತಂದು ಅಟ್ಟದ ಮೇಲೆ ಎಸೆದರೆ ಮೂರು ತಿಂಗಳು ಯೋಚನೆ ಇಲ್ಲ. ದೊಡ್ಡ ಮಾಲಿಗೂ ಆಗಲಿ ಅಂತ ದೊಡ್ಡದನ್ನೇ ತರುತ್ತಾರೆ. ಆಮೇಲೆ ಕಿವಿಯೋಲೆ ಕಳಿಸುವುದಕ್ಕೂ ಅದೇ ಡಬ್ಬ. ಸಣ್ಣ ಡಬ್ಬ, ನಡು ಡಬ್ಬ, ದೊಡ್ಡ ಡಬ್ಬ ಎಂದು ಮೂರು ಅಳತೆ ಇಟ್ಟುಕೊಂಡರೆ ಈ ತಾಪತ್ರಯದಲ್ಲಿ ಬಹುಪಾಲು ಮುಗಿಯುತ್ತದೆ. ಹೋದ ತಿಂಗಳ ಆರ್ಡರ್ ಪುಸ್ತಕ ತೆಗೆದು ಯಾವ ಮಾಲು ಜಾಸ್ತಿ ಹೋಗಿದೆ ನೋಡಿ, ಆ ಮಾಲನ್ನು ಮೇಜಿನ ಮೇಲೆ ಜೋಡಿಸಿ ಅಳೆದು, ಸುತ್ತ ಒಂದೆರಡು ಸೆಂಟಿಮೀಟರ್ ಬಿಟ್ಟು ಡಬ್ಬ ಆರಿಸಬೇಕು, ಅಷ್ಟೇ. ಬಟ್ಟೆಗಂತೂ ಡಬ್ಬವೇ ದಂಡ. ನೈಟಿ ಬಿದ್ದರೆ ಒಡೆಯುತ್ತದೆಯೇ? ದಪ್ಪ ಕಾಗದದ ಕವರು ಸಾಕು.

ಅಳೆಯುವಾಗ ಒಂದು ಸೂಕ್ಷ್ಮ ಇದೆ. ಡಬ್ಬದ ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಒಳಗಿನ ಅಳತೆ, ಕೊರಿಯರ್‌ನವರು ಹಿಡಿಯುವುದು ಹೊರಗಿನ ಅಳತೆ. ಮೇಲಾಗಿ ಜಾಸ್ತಿ ತುರುಕಿ ಡಬ್ಬದ ಹೊಟ್ಟೆ ಉಬ್ಬಿದರೆ ಟೇಪು ಹೋಗುವುದು ಆ ಉಬ್ಬಿನ ಮೇಲೆಯೇ.

ಇನ್ನು, ಕುಗ್ಗಿಸುತ್ತೇನೆ ಅಂತ ಹೊರಟು ತೀರಾ ತೆಳು ಡಬ್ಬ ಹಿಡಿದರೆ ಅದೂ ಕೆಟ್ಟಿತು. ಉಪ್ಪಿನಕಾಯಿ ಬಾಟಲಿ ದಾರಿಯಲ್ಲಿ ಒಡೆದರೆ ಮಾಲು ಹೋಯಿತು, ಹೋದ ಬಾಡಿಗೆ, ಬಂದ ಬಾಡಿಗೆ ಎರಡೂ ಹೋಯಿತು, ಗಿರಾಕಿಯೂ ಹೋದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಪುಡಿ, ಹಪ್ಪಳದಂಥ ಹಗುರ ಮಾಲಿಗೆ ಮೂರು ಪ್ಲೈ ರಟ್ಟು ನಡೆಯುತ್ತದೆ. ಗಾಜು, ಎಣ್ಣೆ, ಭಾರದ ಸಾಮಾನಿಗೆ ಐದು ಪ್ಲೈ ಬೇಕೇ ಬೇಕು. ರಟ್ಟಿನ ಒಳಗಿನ ಅಲೆಗಳು ನೆಟ್ಟಗೆ ನಿಂತಿರುವ ದಿಕ್ಕಿನಲ್ಲಿ ಡಬ್ಬ ನಿಲ್ಲಿಸಿದರೆ ಮೇಲಿನ ಭಾರ ತಡೆಯುತ್ತದೆ, ಮಗ್ಗುಲಾದರೆ ಕುಸಿಯುತ್ತದೆ. ಮಳೆಗಾಲದಲ್ಲಿ ರಟ್ಟು ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ. ಬಾಗಿಲ ಬಳಿ ನೆಲಕ್ಕೆ ಇಟ್ಟ ಬಂಡಲ್ ಆಷಾಢದಲ್ಲಿ ಅರ್ಧ ಜೀವ ಕಳೆದುಕೊಂಡಿರುತ್ತದೆ. ಮಾಲು ಒಳಗೆ ಅಲ್ಲಾಡದಂತೆ ಕೂತರೆ ಬಬಲ್ ಪ್ಲಾಸ್ಟಿಕ್ ಸುತ್ತುವ ಕೆಲಸವೂ ಕಮ್ಮಿ. ಪಾರ್ಸೆಲ್ ಒಡೆಯುವುದು ಎಷ್ಟೋ ಸಲ ಸುತ್ತಿದ್ದು ಕಮ್ಮಿಯಾಗಿ ಅಲ್ಲ, ಡಬ್ಬದಲ್ಲಿ ಓಡಾಡಲು ಜಾಗ ಜಾಸ್ತಿಯಾಗಿ.

ಜಗಳದ ಜಾಗ ಇನ್ನೊಂದಿದೆ. ಪಾರ್ಸೆಲ್ ಕೊರಿಯರ್ ಗೋದಾಮಿಗೆ ಹೋದ ಮೇಲೆ ಯಂತ್ರ ಮತ್ತೆ ಅಳೆಯುತ್ತದೆ. ವ್ಯಾಪಾರಿ ಬರೆದದ್ದಕ್ಕಿಂತ ಜಾಸ್ತಿ ಬಂದರೆ ವಾರ ಬಿಟ್ಟು ಖಾತೆಯಿಂದ ದುಡ್ಡು ಕಡಿತ. ಆಗ ಬಾಯಿಮಾತಿಗೆ ಬೆಲೆ ಇಲ್ಲ. ಟೇಪು ಇಟ್ಟು ಉದ್ದ, ಅಗಲ, ಎತ್ತರ, ತಕ್ಕಡಿ ಮೇಲಿನ ಅಂಕಿ, ವಿಳಾಸದ ಚೀಟಿ ಎಲ್ಲಾ ಕಾಣುವ ಹಾಗೆ ಫೋಟೋ ಇಟ್ಟುಕೊಂಡವರಿಗೆ ಮಾತ್ರ ತಕರಾರಿನಲ್ಲಿ ಕಾಲೂರಲು ಜಾಗ. ಮೂರೇ ಅಳತೆಯ ಡಬ್ಬ ಇದ್ದರೆ ಮೂರು ಸಲ ಅಳೆದಿಟ್ಟರೆ ಸಾಕು. ಸಿಕ್ಕ ಸಿಕ್ಕ ಡಬ್ಬ ಬಳಸುವವರು ದಿನಾ ಅಳೆಯಬೇಕು, ಅಳೆಯುವುದೂ ಇಲ್ಲ.

ಅಂಗಡಿಗೊಂದು ಕಾನೂನು

ಡಬ್ಬ ಬಿಚ್ಚಿದ ಮೇಲಿನ ಕತೆ ರಸ್ತೆ ಬದಿಯದು. ಮೇಲೆ ಹೇಳಿದ ದೊಡ್ಡ ಡಬ್ಬಕ್ಕೆ ಸುಮಾರು 3,600 ಚದರ ಸೆಂಟಿಮೀಟರ್ ರಟ್ಟು ಬೇಕು, ಸಣ್ಣದಕ್ಕೆ 1,900 ಸಾಕು. ಒಣಗಿದ ರಟ್ಟಿಗೆ ಗುಜರಿಯಲ್ಲಿ ಬೆಲೆ ಇದೆ. ಜಾಲಿ ಮೊಹಲ್ಲಾದಂಥ ಜಾಗಕ್ಕೆ ಹೋಗಿ, ಅಲ್ಲಿಂದ ಕಾಗದದ ಗಿರಣಿ ಸೇರಿ ಮತ್ತೆ ರಟ್ಟಾಗುತ್ತದೆ. ಆದರೆ ಸಾಂಬಾರಿನ ಜತೆ ನೆನೆದ ರಟ್ಟು, ಮೈತುಂಬ ಟೇಪು ಹೊಡೆಸಿಕೊಂಡ ರಟ್ಟು ಯಾರಿಗೂ ಬೇಡ. ಕವರು, ಬಬಲ್ ಪ್ಲಾಸ್ಟಿಕ್, ಥರ್ಮಕೋಲ್ ಅಂತೂ ಹೇಳುವುದೇ ಬೇಡ. ಈ ಊರು ಕಸ ಎಲ್ಲಿಗೆ ಹಾಕುವುದು ಅಂತ ತಿಳಿಯದೆ ಒದ್ದಾಡಿದ್ದು ಜನ ಮರೆತಿಲ್ಲ. 2012ರಲ್ಲಿ ಮಾವಳ್ಳಿಪುರ ಮುಚ್ಚಿತು, 2014ರ ಕೊನೆಗೆ ಮಂಡೂರಿನವರು ಸಾಕು ಅಂದರು. 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜತೆ ಕಸದ ಶುಲ್ಕವೂ ಸೇರಿದೆ. ಪಾರ್ಸೆಲ್ ತರಿಸಿದವನೂ ಕೊಡುತ್ತಾನೆ, ತರಿಸದವನೂ ಕೊಡುತ್ತಾನೆ.

ಇಲ್ಲಿ ಬೀದಿ ಅಂಗಡಿಯವರ ಹೊಟ್ಟೆಯುರಿಗೆ ಅರ್ಥವಿದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗು, ಲೋಟ, ತಟ್ಟೆ ನಿಷೇಧಿಸಿತು. ಕೇಂದ್ರದವರು 2022ರ ಜುಲೈ 1ರಿಂದ ಸ್ಟ್ರಾ, ಚಮಚದ ಜತೆ ಸಿಹಿ ತಿಂಡಿ ಡಬ್ಬದ ಮೇಲೆ ಸುತ್ತುವ ತೆಳು ಹಾಳೆಯನ್ನೂ ನಿಲ್ಲಿಸಿದರು. ಒಳ್ಳೆಯದೇ ಆಯಿತು. ಪಾಲಿಕೆಯವರು ಬಂದು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಗಾಡಿಯಲ್ಲಿ ಕವರ್ ಹುಡುಕುತ್ತಾರೆ. ಅದೇ ಹೊತ್ತಿಗೆ ಎದುರು ಮನೆಗೆ ಬರುವ ಪಾರ್ಸೆಲಿನ ಪ್ಲಾಸ್ಟಿಕ್ ಕವರು ಆ ನಿಷೇಧದ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಬೇರೆ ದಾರಿ. 2022ರ ಫೆಬ್ರವರಿಯ ನಿಯಮದ ಪ್ರಕಾರ ಕಂಪನಿಗಳು ತಾವು ಮಾರುಕಟ್ಟೆಗೆ ಬಿಟ್ಟಷ್ಟು ಪ್ಲಾಸ್ಟಿಕ್ ವಾಪಸ್ ಸಂಗ್ರಹಿಸಿದ ಲೆಕ್ಕ ತೋರಿಸಬೇಕು. ಲೆಕ್ಕ ಕಾಗದದಲ್ಲಿ ನಡೆಯುತ್ತದೆ, ಕವರು ಇಟ್ಟಮಡುವಿನ ಮೋರಿಯಲ್ಲಿ ಇರುತ್ತದೆ. ಅಮೆಜಾನ್ 2020ರಲ್ಲಿ, ಫ್ಲಿಪ್‌ಕಾರ್ಟ್ 2021ರಲ್ಲಿ ತಮ್ಮ ಗೋದಾಮಿನ ಪ್ಯಾಕಿಂಗಿನಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತೆಗೆದಿದ್ದೇವೆ ಎಂದು ಘೋಷಿಸಿಕೊಂಡವು. ಆದರೆ ಅವರ ಮೂಲಕ ಮಾರುವ ಬೇರೆ ವ್ಯಾಪಾರಿಗಳು ತಮ್ಮ ಅಂಗಡಿಯಲ್ಲೇ ಕಟ್ಟಿ ಕಳಿಸುವ ಪಾರ್ಸೆಲ್ ಈ ಲೆಕ್ಕದ ಹೊರಗೆ.

ನಮ್ಮ ಪ್ಲಾಸ್ಟಿಕ್ ಕಾನೂನಿಗೆ ಗೊತ್ತಿರುವ ಅಳತೆ ಮೈಕ್ರಾನ್ ಒಂದೇ. ಕ್ಯಾರಿಬ್ಯಾಗು 75 ಮೈಕ್ರಾನ್ ಅಂದರು, 2022ರ ಕೊನೆಗೆ 120 ಅಂದರು. ಡಬ್ಬದಲ್ಲಿ ಖಾಲಿ ಎಷ್ಟು ಇರಬಹುದು ಎನ್ನುವ ಮಾತು ಅದರಲ್ಲಿ ಇಲ್ಲ. ದಕ್ಷಿಣ ಕೊರಿಯಾ 2024ರ ಏಪ್ರಿಲ್‌ನಲ್ಲಿ ಪಾರ್ಸೆಲಿನ ಖಾಲಿ ಜಾಗ ಅರ್ಧಕ್ಕಿಂತ ಜಾಸ್ತಿ ಇರಬಾರದೆಂದು ನಿಯಮ ತಂದಿತು, ಜನ ಹೊಂದಿಕೊಳ್ಳಲಿ ಅಂತ ಎರಡು ವರ್ಷ ದಂಡ ಹಾಕದೆ ಬಿಟ್ಟಿತು, ಸಣ್ಣ ವ್ಯಾಪಾರಿಗಳಿಗೆ ವಿನಾಯ್ತಿ ಕೊಟ್ಟಿತು. ಯುರೋಪಿನವರು 2025ರಲ್ಲಿ ಕಾನೂನು ಮಾಡಿ 2030ರಿಂದ ಅದೇ ಅರ್ಧದ ಮಿತಿ ಇಟ್ಟಿದ್ದಾರೆ. ಇಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆ ಬಂದಿವೆ. ಬೋರ್ಡು ಬದಲಾದವು. ತರಕಾರಿಯವಳ ಕವರ್ ಹಿಡಿಯುವ ಉತ್ಸಾಹದಲ್ಲಿ ಕಾಲು ಭಾಗವನ್ನು ದೊಡ್ಡ ಗೋದಾಮುಗಳ ಬಾಗಿಲಲ್ಲಿ ತೋರಿಸಿದರೆ ಬೀದಿ ಅಂಗಡಿಯವರು ಬಾಯಿ ಮುಚ್ಚಿಕೊಂಡು ಒಪ್ಪುತ್ತಾರೆ.

ಅಲ್ಲಿಯವರೆಗೆ ವ್ಯಾಪಾರಿ ತನ್ನ ಜೇಬಿಗಾಗಿ ಟೇಪು ಹಿಡಿಯಬೇಕು. ಒಂದು ಅಡ್ಡಿ ಇದ್ದೇ ಇದೆ. ಬೇಕಾದ ಅಳತೆಗೆ ಡಬ್ಬ ಮಾಡಿಸುವುದಾದರೆ ತಯಾರಕರು ಒಟ್ಟಿಗೆ ಇಷ್ಟು ಸಾವಿರ ತಗೊಳ್ಳಿ ಅನ್ನುತ್ತಾರೆ. ಅವರ ಕಷ್ಟವೂ ಸಣ್ಣದಲ್ಲ. 2025ರ ಸೆಪ್ಟೆಂಬರ್ 22ರಿಂದ ರಟ್ಟಿನ ಡಬ್ಬದ ಜಿಎಸ್‌ಟಿ 12ರಿಂದ 5ಕ್ಕೆ ಇಳಿಯಿತು, ಅದಕ್ಕೆ ಬೇಕಾದ ಕ್ರಾಫ್ಟ್ ಕಾಗದದ್ದು 12ರಿಂದ 18ಕ್ಕೆ ಏರಿತು. ಇಳಿದದ್ದು ಡಬ್ಬ ಕೊಳ್ಳುವವರಿಗೆ ಎಷ್ಟು ಮುಟ್ಟಿತೋ ಅವರವರ ಬಿಲ್ಲು ನೋಡಿಕೊಳ್ಳಬೇಕು. ಹೆಸರು ಅಚ್ಚು ಹಾಕಿಸುವ ಷೋಕಿ ಬಿಟ್ಟು ಸಾದಾ ಡಬ್ಬ ಸಾಕು ಎನ್ನುವುದಾದರೆ, ಒಂದೇ ಓಣಿಯ ನಾಲ್ಕು ಅಂಗಡಿಯವರು ಅಳತೆ ಹೊಂದಿಸಿಕೊಂಡು ಒಟ್ಟಿಗೆ ತರಿಸಬಹುದು. ಚೀಟಿ ಹಾಕುವಾಗ ಸೇರುವ ಜನ ಡಬ್ಬಕ್ಕೆ ಯಾಕೆ ಸೇರಬಾರದು? ಸಣ್ಣ ಡಬ್ಬದ ಬಂಡಲ್ ಅಟ್ಟದ ಮೇಲೆ ಹಿಡಿಯುವ ಜಾಗವೂ ಕಮ್ಮಿ.