ಗೋಡೆಯ ಮೇಲಿನ ಕಾಳಗಕ್ಕೆ ಹೊಸ ಬಣ್ಣ ಬೇಡ

ಹಳೆಯ ಚಿತ್ರ ಮಾಸಿದರೆ ಮತ್ತೆ ಬಣ್ಣ ಬಳಿಯಬೇಕೆ, ಉಳಿದಷ್ಟನ್ನೇ ಕಾಪಾಡಬೇಕೆ? ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ ಗುಡ್ಡದ ಬಂಡೆಗಳ ಮೇಲಿರುವ ಕೆಂಪು ಚಿತ್ರಗಳನ್ನು ತಿದ್ದಿ ಬರೆಯೋಣವೆಂದರೆ ಯಾರೂ ಒಪ್ಪುವುದಿಲ್ಲ. ಅರಮನೆಯ ಗೋಡೆಗೂ ಅದೇ ನ್ಯಾಯ ಸಲ್ಲಬೇಕು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುವಣ ಗೋಡೆಯನ್ನೇ ನೋಡಿ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಸೋಲಿಸಿದ ಕಾಳಗ ಅಲ್ಲಿ ಗೋಡೆ ತುಂಬ ಹರಡಿಕೊಂಡಿದೆ. ಚೌಕಕಟ್ಟಿ ನಿಂತ ಕೆಂಪಂಗಿಯ ಸಿಪಾಯಿಗಳು, ಅವರ ನಡುವೆ ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕುಳಿತ ಇಂಗ್ಲಿಷ್ ಪಡೆಯ ನಾಯಕ ಕರ್ನಲ್ ಬೇಯ್ಲಿ. ಸುತ್ತ ರುಂಡಗಳು ಉರುಳುತ್ತಿದ್ದರೂ ಟಿಪ್ಪು ಹೂ ಹಿಡಿದು ನಿಶ್ಚಿಂತೆಯಿಂದ ಸಾಗಿದ್ದಾನೆ. ಇದು ಗೆದ್ದವರು ಹೇಳಿದ ಕಥೆ.

ಆದರೆ ಅಲ್ಲಿ ಕಾಣುವ ಬಣ್ಣವೆಲ್ಲ ಅರಮನೆ ಕಟ್ಟಿದ 1784ರ ಕಾಲದ್ದಲ್ಲ. ಟಿಪ್ಪು ಮಡಿದ 1799ರ ನಂತರ ಅಲ್ಲೇ ವಾಸವಿದ್ದ ಇಂಗ್ಲಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ದುರಸ್ತಿ ಮಾಡಿಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಮತ್ತೆ ಬರೆಸಿದ. ಪೊಲ್ಲಿಲೂರಿನಲ್ಲಿ ಸೋತವರೇ ಆ ಸೋಲಿನ ಚಿತ್ರವನ್ನು ಉಳಿಸಿದರು ಎಂಬುದೂ ಈಗ ಗೋಡೆಯ ಚರಿತ್ರೆಗೆ ಸೇರಿದೆ. ಇನ್ನೊಮ್ಮೆ ಬಳಿದರೆ ಯಾವ ಗೆರೆ ಯಾರದೆಂದು ಬಿಡಿಸುವುದೇ ಕಷ್ಟ. ಇದೇ ಕಾಳಗದ, ಸುಮಾರು 32 ಅಡಿ ಉದ್ದದ ಕಾಗದದ ಚಿತ್ರವೊಂದು 2022ರಲ್ಲಿ ಲಂಡನ್ನಿನ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ಅದು ಹತ್ತೊಂಬತ್ತನೆಯ ಶತಮಾನದ ಆರಂಭದ್ದು, ಅಂದರೆ ಡಾಲ್‌ಹೌಸಿಗಿಂತ ಹಿಂದಿನದು. ಅದರ ಛಾಯಾಚಿತ್ರವನ್ನು ಗೋಡೆಯ ಚಿತ್ರದ ಪಕ್ಕದಲ್ಲಿಟ್ಟರೆ ಏನು ಬದಲಾಯಿತೆಂದು ನೋಡುಗರೇ ಹೋಲಿಸಬಹುದು.

ತೋರಿಸುವುದರಲ್ಲೂ ಒಂದು ತೊಡಕಿದೆ. ಬಿಸಿಲು ಬಣ್ಣವನ್ನು ತಿನ್ನುತ್ತದೆ. ಅದಕ್ಕೇ ಪಡಸಾಲೆಗೆ ದಪ್ಪ ಪರದೆ ಇಳಿಬಿಡುತ್ತಾರೆ. ಅದು ಸರಿಯೇ. ಆದರೆ ಆ ಮಬ್ಬಿನಲ್ಲಿ, ಸಾಲಾಗಿ ಮುಂದೆ ಸರಿಯುವ ಶಾಲಾ ಮಕ್ಕಳಿಗೆ ಬೇಯ್ಲಿಯ ಬೆರಳು ಕಾಣುವುದೆಲ್ಲಿ? ಮೂಲಕ್ಕೆ ನೆರಳು ಬೇಕು, ನೋಡುವವರಿಗೆ ಬೆಳಕು ಬೇಕು. ಪೂರ್ಣ ಅಳತೆಯ ಛಾಯಾಪ್ರತಿ ಇದ್ದರೆ ಎರಡೂ ಆಗುತ್ತವೆ.

ಆ ಪ್ರತಿ ಶ್ರೀರಂಗಪಟ್ಟಣದಲ್ಲೇ ಇರಬೇಕೆಂದೇನೂ ಇಲ್ಲ. 1786ರಲ್ಲಿ ಟಿಪ್ಪು ಕೊಪ್ಪಳದ ಕೋಟೆ ಹಿಡಿದು ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1790ರಲ್ಲಿ ಇಂಗ್ಲಿಷರೂ ನಿಜಾಮನ ಪಡೆಯೂ ಅದನ್ನು ಮುತ್ತಿದವು. ಮೈಸೂರಿನ ಯುದ್ಧಗಳು ನಮ್ಮ ನೆಲದಲ್ಲೂ ನಡೆದವು. ಪುರಾತತ್ವ ಇಲಾಖೆ ಮತ್ತು ಜಿಲ್ಲಾಡಳಿತ ಸೇರಿ ಆ ಗೋಡೆಯ ಪೂರ್ಣ ಪ್ರತಿಯನ್ನು, ಮತ್ತೆ ಬರೆಸಿದ ಸಂಗತಿಯನ್ನೂ ಮುಚ್ಚಿಡದ ಕನ್ನಡ ವಿವರಣೆಯೊಂದಿಗೆ, ಕೊಪ್ಪಳದಲ್ಲಿ ಇಡಲಿ. ಕುಷ್ಟಗಿ, ಯಲಬುರ್ಗಾದ ಮಕ್ಕಳು ಬೆಳಿಗ್ಗೆ ಬಸ್ಸು ಹತ್ತಿ ಬಂದು ಸಾವಕಾಶವಾಗಿ ನೋಡಿ, ಸಂಜೆಗೆ ಮನೆ ಸೇರಬಹುದು.